ಊಟದ ಹೊತ್ತಿಗಷ್ಟೇ ಇದ್ದ ದ್ವೀಪ

ನಾನು ನೋಡಿ ಬಂದ ದ್ವೀಪ ಬೆಳಿಗ್ಗೆ ಹತ್ತು ಗಂಟೆಗೆ ಇತ್ತು. ಮಧ್ಯಾಹ್ನ ಮೂರಕ್ಕೆ ಇರಲಿಲ್ಲ. ಊರಿಗೆ ಬಂದು ಇದನ್ನು ಹೇಳಿದರೆ ಹೆತ್ತ ಅಮ್ಮನೇ ನಂಬಲಿಲ್ಲ. “ನೀನು ಕಲಿತದ್ದು ಜಾಸ್ತಿಯಾಯಿತು ವಸಂತಿ” ಅಂದಳು.

ಕಲಿತದ್ದು ಜಾಸ್ತಿಯೇ. ನಮ್ಮ ಮನೆಯಲ್ಲಿ, ನಮ್ಮ ಅಜ್ಜನ ಮನೆಯಲ್ಲಿ, ನಮ್ಮ ಸಾಲಿನ ಆರೂ ಮನೆಗಳಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಬಿ.ಎ., ಮೇಲೆ ಬಿ.ಎಡ್. ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರು, ಅಮ್ಮ ಬೀಡಿ ಕಟ್ಟಿದವಳು. ನಾನು ಭೂಗೋಳದ ಟೀಚರು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆಪಡುವವರು ಅದನ್ನು ಸುಲಭವಾಗಿ ಪಡೆದವರು ಇರಬೇಕು.

ಹಾಗಾಗಿ ಈ ಕಥನದಲ್ಲಿ ದ್ವೀಪದಷ್ಟೇ ನನ್ನ ಡಿಗ್ರಿ ಸರ್ಟಿಫಿಕೇಟೂ ಬರುತ್ತದೆ. ಎರಡೂ ಒಂದೇ ದಿನ ಮುಳುಗುವುದರಲ್ಲಿದ್ದವು.

ಸನದ್

ತೊಂಬತ್ತರ ದಶಕದ ನಡುವಿನಲ್ಲಿ, ಒಂದು ಮಾರ್ಚ್ ತಿಂಗಳು, ನಾನು ವಿಸಿಟ್ ವೀಸಾದಲ್ಲಿ ಬಹರೈನಿಗೆ ಹೋದೆ. ಅಲ್ಲಿನ ಸನದ್ ಎಂಬ ಊರಿನಲ್ಲಿ ನನ್ನ ಅಕ್ಕ ಕಮಲಳ ಮನೆ. ಭಾವ ಸದಾನಂದ ಒಂದು ಪೇಂಟ್ ಕಂಪನಿಯಲ್ಲಿ ಸ್ಟೋರ್‌ಕೀಪರ್. ಇಬ್ಬರೂ ಅಲ್ಲಿ ಎಂಟು ವರ್ಷದಿಂದ ಇದ್ದರು.

ಅಲ್ಲಿ ನನ್ನನ್ನು ಮೊದಲು ಸುಸ್ತು ಮಾಡಿದ್ದು ಬಿಸಿಲಲ್ಲ, ಕುಶಲ ವಿಚಾರಣೆ. ಕೆಳಗಿನ ಮನೆಯ ಅರಬ್ಬಿ ಅಮ್ಮ ಮೆಟ್ಟಿಲಲ್ಲಿ ಸಿಕ್ಕಿದರೆ ಹೇಗಿದ್ದೀ, ಮನೆಯವರು ಹೇಗೆ, ಆರೋಗ್ಯ ಹೇಗೆ, ಏನು ಸುದ್ದಿ, ಮತ್ತೆ ಹೇಗಿದ್ದೀ ಎಂದು ಒಂದು ಸುತ್ತು ಮುಗಿಸಿ ಇನ್ನೊಂದು ಸುತ್ತು ಶುರು ಮಾಡುತ್ತಾಳೆ. ನಮ್ಮೂರಲ್ಲಿ “ಚಾ ಆಯ್ತಾ?” ಅಂದರೆ ಮುಗಿಯಿತು. ಅಷ್ಟು ಹೊತ್ತು ಮಾತಾಡಿದರೆ ನಮ್ಮಲ್ಲಿ ಒಂದು ಬಸ್ಸು ಖಂಡಿತ ತಪ್ಪುತ್ತದೆ. ಆದರೆ ಆಯಮ್ಮ ಕೊಟ್ಟ ಅನ್ನದ ತಟ್ಟೆಯನ್ನು ಅಕ್ಕ ಖಾಲಿ ಹಿಂದಿರುಗಿಸಲಿಲ್ಲ, ಅದರಲ್ಲಿ ನೀರುದೋಸೆ ಇಟ್ಟು ಕೊಟ್ಟಳು. ತಟ್ಟೆಯ ವಿಷಯದಲ್ಲಿ ಅರಬರೂ ನಾವೂ ಒಂದೇ.

ನಾನು ಬಂದದ್ದು ತಿರುಗಾಡಲು ಮಾತ್ರವಲ್ಲ. ಈಸಾ ಟೌನಿನ ಒಂದು ಇಂಡಿಯನ್ ಶಾಲೆಯಲ್ಲಿ ಭೂಗೋಳದ ಟೀಚರ ಜಾಗ ಖಾಲಿ ಇತ್ತು. ಅರ್ಜಿಯನ್ನು ಭಾವ ಮೊದಲೇ ಹಾಕಿದ್ದರು.

ಈಸಾ ಟೌನ್

ಶಾಲೆಯ ಗೇಟಿನ ಮುಂದೆ ಬಸ್ಸುಗಳ ಸಾಲು ನೋಡಿ ನನಗೆ ಬಸ್‌ಸ್ಟ್ಯಾಂಡಿಗೆ ಬಂದೆನೋ ಅನ್ನಿಸಿತು. ಮಕ್ಕಳೆಲ್ಲ ಇಂಗ್ಲಿಷು. ಕುಂದಾಪುರದ ಕಡೆಯವಳಂತೆ ಕಂಡ ಹುಡುಗಿಯೊಬ್ಬಳಿಗೆ “ಯಾವ ಊರು ಮಗಾ?” ಅಂದೆ. “ಸಿಕ್ಸ್ ಬಿ” ಅಂದಳು.

ಇಂಟರ್‌ವ್ಯೂ ಚೆನ್ನಾಗಿ ಆಯಿತು. ಮಾನ್ಸೂನ್ ಮಾರುತ ಕೇಳಿದರು, ಹೇಳಿದೆ. ಒಂದು ಪಾಠ ಮಾಡಿಸಿ ನೋಡಿದರು. ಪ್ರಿನ್ಸಿಪಾಲರು ಕೈ ಕುಲುಕಿ, ಆಫೀಸಿನಲ್ಲಿ ಕಾಗದಪತ್ರ ಕೊಡಿ ಅಂದರು. ಆಫೀಸಿನಲ್ಲಿ ಕುರಿಯನ್ ಎಂಬ ವಯಸ್ಸಾದ ಗುಮಾಸ್ತರು. ನನ್ನ ಸರ್ಟಿಫಿಕೇಟು ಕೈಗೆ ತೆಗೆದುಕೊಂಡವರೇ ಉಗುರಿನಿಂದ ಕೆರೆದರು. ಟಕಟಕ ಸದ್ದು ಬಂತು.

“ಲ್ಯಾಮಿನೇಶನ್ ಮಾಡಿಸಿದ್ದು ಯಾರು?”

“ಅಪ್ಪ.”

“ಅಪ್ಪಂದಿರು ಎಲ್ಲ ಕಡೆ ಹೀಗೇ” ಅಂತ ಕನ್ನಡಕ ತೆಗೆದರು. “ನೋಡಿ ಟೀಚರ್, ಇದರ ಹಿಂಬದಿಗೆ ನಮ್ಮ ಎಂಬೆಸಿಯ ಮೊಹರು ಬೀಳಬೇಕು, ಆಮೇಲೆ ಅದರ ಪಕ್ಕ ಇಲ್ಲಿನ ಸರ್ಕಾರದ ಮೊಹರು ಬೀಳಬೇಕು. ಪ್ಲಾಸ್ಟಿಕ್ಕಿನ ಮೇಲೆ ಶಾಯಿ ನಿಲ್ಲುವುದಿಲ್ಲ. ಹೊಸ ಟೀಚರುಗಳ ಕಾಗದವೆಲ್ಲ ಶನಿವಾರ ಬೆಳಿಗ್ಗೆ ಒಟ್ಟಿಗೆ ಮೊಹರಿಗೆ ಹೋಗುತ್ತದೆ. ಅಷ್ಟರೊಳಗೆ ಏನಾದರೂ ಮಾಡಿ. ಇಲ್ಲವಾದರೆ ಜಾಗ ಇನ್ನೊಬ್ಬರಿಗೆ.”

ಅಂದು ಬುಧವಾರ. ಯೂನಿವರ್ಸಿಟಿಯಿಂದ ಇನ್ನೊಂದು ಪ್ರತಿ ತರಿಸಲು ತಿಂಗಳುಗಳು ಬೇಕು. ನನ್ನ ವೀಸಾಕ್ಕೆ ಉಳಿದದ್ದು ವಾರ.

ಅಪ್ಪನನ್ನು ಬೈಯಲು ಬಾಯಿ ಬರಲಿಲ್ಲ. ಸರ್ಟಿಫಿಕೇಟು ಬಂದ ದಿನ ಅವರು ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ, ಬಿಳಿ ಅಂಗಿ ಹಾಕಿಕೊಂಡು, ಯಾರಿಗೂ ಹೇಳದೆ ಪೇಟೆಗೆ ಹೋಗಿದ್ದರು. ಪಕ್ಕದ ಮನೆಯವರ ಜಾಗದ ಕಾಗದವನ್ನು ಗೆದ್ದಲು ತಿಂದದ್ದನ್ನು ಅವರು ಕಣ್ಣಾರೆ ನೋಡಿದ್ದರು. ಸಂಜೆ ಬಂದು ಬೆನ್ನ ಹಿಂದಿನಿಂದ ತೆಗೆದರು. ಫಳಫಳ ಹೊಳೆಯುವ ಸರ್ಟಿಫಿಕೇಟು. “ಇನ್ನು ಇದನ್ನು ಮಳೆಯೂ ಮುಟ್ಟುವುದಿಲ್ಲ, ಗೆದ್ದಲೂ ಮುಟ್ಟುವುದಿಲ್ಲ” ಅಂದರು. ಮೊಹರೂ ಮುಟ್ಟುವುದಿಲ್ಲ ಎಂದು ಪಾಪ ಅವರಿಗೆ ಎಲ್ಲಿ ಗೊತ್ತು? ಬಿ.ಎ. ಮಾಡಿದ ನನಗೇ ಗೊತ್ತಿರಲಿಲ್ಲ.

ಸಿತ್ರಾದ ಕಡಲ ತಡಿ

ಶುಕ್ರವಾರ ರಜೆ. ದ್ವೀಪವೊಂದಕ್ಕೆ ಹೋಗಿ ಊಟ ಮಾಡಿ ಬರಲು ಭಾವ ಒಂದು ತಿಂಗಳ ಹಿಂದೆಯೇ ದೋಣಿ ಹೇಳಿಟ್ಟಿದ್ದರು. ನನಗೆ ಹೋಗುವ ಮನಸ್ಸಿರಲಿಲ್ಲ.

“ಬಾ ಟೀಚರಮ್ಮ” ಅಂದರು ಭಾವ. “ಮನೆಯಲ್ಲಿ ಕೂತು ಅದನ್ನೇ ನೋಡಿದ್ರೆ ಪ್ಲಾಸ್ಟಿಕ್ಕು ಹೆದರಿ ಬಿಟ್ಟುಕೊಳ್ತದಾ? ಲಾರೆನ್ಸಣ್ಣ ಬರ್ತಾರೆ. ಪ್ರಿಂಟಿಂಗ್ ಪ್ರೆಸ್ಸಿನವರು. ಅವರಿಗೆ ತೋರಿಸುವ.”

ಲಾರೆನ್ಸಣ್ಣ ಬಹರೈನಿನ ಜಿಂಜ್ ಎಂಬಲ್ಲಿರುವ ಮಂಗಳೂರಿನವರು, ಭಾವನ ಹಳೆಯ ದೋಸ್ತಿ. ಯಾವ ಸಮಸ್ಯೆಯನ್ನು ಹೇಳಿದರೂ “ಅದು ಎಂತ ದೊಡ್ಡದಲ್ಲ ಮಾರಾಯ್ತಿ” ಅನ್ನುವವರು. ಸರ್ಟಿಫಿಕೇಟನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹೊರಟೆ.

ದೋಣಿಯ ಯಜಮಾನ ಬೂ ಜಾಸಿಮ್. ಎಪ್ಪತ್ತು ದಾಟಿದ ಬಹರೈನಿ ಮುದುಕ, ಹಲ್ಲು ನಾಲ್ಕೋ ಐದೋ. ಅವರ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿತ್ತು, ಎಳೆಯ ವಯಸ್ಸಿನಲ್ಲಿ ಬೊಂಬಾಯಿಗೆ ಹೋಗಿ ಬರುತ್ತಿದ್ದರಂತೆ. ನಮ್ಮ ಮೀನುಗಾರರು ದೋಣಿಯ ಮುಖ್ಯಸ್ಥನನ್ನು ತಂಡೇಲ ಅನ್ನುತ್ತಾರೆ, ಇಲ್ಲಿ ನೊಖದ. ಹೆಸರು ಬೇರೆ, ಗದರುವ ಶೈಲಿ ಒಂದೇ. ಲಾರೆನ್ಸಣ್ಣ ದೋಣಿಯ ಅಂಚಿನಲ್ಲಿ ಕೂತದ್ದಕ್ಕೆ ಮೊದಲ ಗದರಿಕೆ, ನಾವು ಕಟ್ಟಿಕೊಂಡು ಬಂದ ಪುಂಡಿ ಕಡುಬು ಮತ್ತು ಕೋಳಿ ಸುಕ್ಕದ ಪಾತ್ರೆಯ ಗಾತ್ರಕ್ಕೆ ಎರಡನೆಯದು. “ದ್ವೀಪಕ್ಕಿಂತ ದೊಡ್ಡ ಪಾತ್ರೆ ತಂದಿದ್ದೀರಿ!”

“ಆ ದ್ವೀಪದ ಹೆಸರೇನು?” ಅಂತ ಕೇಳಿದೆ.

“ಜರಾದ.”

ನನ್ನ ಅಟ್ಲಾಸಿನಲ್ಲಿ ಅದು ಇರಲಿಲ್ಲ. ಹಾಗೆ ಅಂದಾಗ ಮುದುಕ ನಕ್ಕರು. “ಉಬ್ಬರ ಬಂದರೆ ದಿನದಲ್ಲಿ ಅರ್ಧ ಹೊತ್ತು ಅದು ಸಮುದ್ರದಲ್ಲೂ ಇರುವುದಿಲ್ಲ ಮಗಳೇ, ನಿನ್ನ ಪುಸ್ತಕದಲ್ಲಿ ಹೇಗೆ ಇರುತ್ತದೆ?”

ಜರಾದ

ತಾಸಿಗೂ ಹೆಚ್ಚು ಹೊತ್ತು ಹೋದ ಮೇಲೆ ಹಸಿರು ನೀರಿನ ನಡುವೆ ಬಿಳಿಯ ಗೀರೊಂದು ಕಂಡಿತು. ಯಾರೋ ಸೀಮೆಸುಣ್ಣದಲ್ಲಿ ಎಳೆದ ಹಾಗೆ. ಹತ್ತಿರ ಹೋದಂತೆ ಅದು ನಮ್ಮ ಶಾಲೆಯ ಆಟದ ಬಯಲಿನಷ್ಟಾಯಿತು. ಮರವಿಲ್ಲ, ಪೊದೆಯಿಲ್ಲ, ಒಂದು ಹುಲ್ಲುಕಡ್ಡಿಯೂ ಇಲ್ಲ. ಬರೀ ಮರಳು, ಚಿಪ್ಪು, ನಾಲ್ಕು ಬಿಳಿ ಹಕ್ಕಿ. ಎಲ್ಲ ಕಡೆ ನೀರಿನಿಂದ ಸುತ್ತುವರಿದ ಭೂಭಾಗವೇ ದ್ವೀಪ ಎಂದು ಎಷ್ಟು ವರ್ಷ ಪಾಠ ಮಾಡಿದ್ದೇನೆ! ಎಷ್ಟು ಗಂಟೆಯವರೆಗೆ ಎಂದು ಯಾವ ಮಗುವೂ ಕೇಳಿರಲಿಲ್ಲ.

ಇಷ್ಟು ಚೂರು ಮರಳಿಗೆ ಎರಡು ದೇಶಗಳ ನಡುವೆ ವ್ಯಾಜ್ಯ. ಬಹರೈನ್ ನನ್ನದು ಅನ್ನುತ್ತದೆ, ಆಚೆಯ ಕತಾರ್ ನನ್ನದು ಅನ್ನುತ್ತದೆ. ಯುರೋಪಿನ ದೊಡ್ಡ ಕೋರ್ಟಿನಲ್ಲಿ ಕೇಸು ನಡೆಯುತ್ತಿತ್ತು. ಕೋಟು ಹಾಕಿದ ವಕೀಲರು ಅಲ್ಲಿ ನಿಂತು ಈ ಮರಳಿನ ಬಗ್ಗೆ ವಾದ ಮಾಡುವಾಗ ಇಲ್ಲಿ ಮರಳು ನೀರಿನಡಿಯಲ್ಲಿ ಇರುತ್ತಿತ್ತೋ ಏನೋ. ನಮ್ಮೂರಲ್ಲಿ ಎರಡು ಮನೆಯವರು ಒಂದು ಬೇಲಿಗಾಗಿ ಮೂರು ತಲೆಮಾರು ಕೋರ್ಟಿಗೆ ಅಲೆದದ್ದು ನೆನಪಾಗಿ, ದೊಡ್ಡವರೂ ನಮ್ಮ ಹಾಗೆಯೇ ಅಂತ ಸಮಾಧಾನವಾಯಿತು.

ಇಳಿದ ಕೂಡಲೇ ಲಾರೆನ್ಸಣ್ಣ ಒಂದು ಎಡವಟ್ಟು ಮಾಡಿದರು. ನೆರಳಿಗೆಂದು ಕೋಲು ನೆಟ್ಟು ಅದಕ್ಕೆ ಅಕ್ಕನ ಮೈ ಒರೆಸುವ ಕೆಂಪು ಬೈರಾಸು ಕಟ್ಟಿದರು. ಗಾಳಿಗೆ ಅದು ಪಟಪಟ ಹಾರತೊಡಗಿತು. ಬೂ ಜಾಸಿಮ್ ಓಡಿ ಬಂದರು. ಆ ವಯಸ್ಸಿನಲ್ಲಿ ಅಷ್ಟು ಓಟ ನಾನು ಎಣಿಸಿರಲಿಲ್ಲ.

“ತೆಗಿ! ತೆಗಿ! ಇಲ್ಲಿ ಬಟ್ಟೆ ಹಾರಿಸಬಾರದು!”

“ಎಂತಕ್ಕೆ?”

“ಈಗಾಗಲೇ ಎರಡು ದೇಶ ಜಗಳ ಮಾಡ್ತಿವೆ. ಮೂರನೆಯದು ಬಂತು ಅಂದುಕೊಂಡಾರು!”

“ಕೇಳಿದ್ರಾ ಲಾರೆನ್ಸಣ್ಣ,” ಅಂದರು ಭಾವ, “ನಮ್ಮ ಕಮಲನ ಬೈರಾಸು ರಾಜ್ಯ ಸ್ಥಾಪನೆ ಮಾಡಿತು.”

ಬೈರಾಸು ಇಳಿಯಿತು. ರಾಜ್ಯ ಎರಡು ನಿಮಿಷ ಬಾಳಿತು.

ಆಮೇಲೆ ಲಾರೆನ್ಸಣ್ಣ ಚಾಪೆಯ ಮೇಲೆ ಕೂತು ನನ್ನ ಸರ್ಟಿಫಿಕೇಟು ಪರೀಕ್ಷೆ ಮಾಡಿದರು. ಬಿಸಿಲಿಗೆ ಹಿಡಿದರು, ಮೂಸಿದರು, ಅಂಚು ಬಗ್ಗಿಸಿದರು. “ಅದು ಎಂತ ದೊಡ್ಡದಲ್ಲ ಮಾರಾಯ್ತಿ. ಇಸ್ತ್ರಿ ಪೆಟ್ಟಿಗೆ ಇಟ್ರೆ ಬಿಡ್ತದೆ.”

“ನೀವು ಹಾಗೆ ಬಿಡಿಸಿದ್ದುಂಟಾ?”

“ಒಮ್ಮೆ ಉಂಟು.”

“ಕಾಗದ?”

“ಕಾಗದ... ಅದು ಪ್ಲಾಸ್ಟಿಕ್ಕಿನ ಜತೆಯೇ ಬಂತು.”

ನನಗೆ ಅಳು ಬಂದ ಹಾಗಾಯಿತು. ಸರ್ಟಿಫಿಕೇಟನ್ನು ಚಾಪೆಯ ಮೇಲೆ ಬೋರಲು ಹಾಕಿ, ಮೂಲೆಗೆ ಒಂದು ಚಿಪ್ಪು ಇಟ್ಟು, ನೀರಿನ ಅಂಚಿಗೆ ನಡೆದೆ. ಇನ್ನು ಒಂದು ದಿನ. ಅಪ್ಪನಿಗೆ ಏನೆಂದು ಬರೆಯುವುದು? ನಿಮ್ಮ ಪ್ರೀತಿಯಿಂದ ಕೆಲಸ ಹೋಯಿತು ಎಂದು ಬರೆಯುವುದಾ?

ತಿರುಗಿ ನೋಡುತ್ತೇನೆ, ಅಕ್ಕ ಸೀಮೆಣ್ಣೆ ಸ್ಟವ್ವಿನಿಂದ ಚಾದ ಕೆಟಲ್ ಎತ್ತಿಕೊಂಡು ಬರುತ್ತಿದ್ದಾಳೆ. ಅವಳ ಮನೆಯಲ್ಲಿ ಊಟದ ಮೇಜಿನ ಮೇಲೆ ಬಿಳಿ ಪ್ಲಾಸ್ಟಿಕ್ಕಿನ ಹಾಳೆಗಳಿರುತ್ತವೆ, ಬಿಸಿ ಪಾತ್ರೆ ಇಡಲು. ಚಾಪೆಯ ಮೇಲೆ ಬಿಳಿ ಪ್ಲಾಸ್ಟಿಕ್ಕಿನ ಹಾಳೆಯೊಂದು ಅಚ್ಚುಕಟ್ಟಾಗಿ ಬಿದ್ದಿತ್ತು. ಕೆಟಲನ್ನು ಅದರ ಮೇಲೆ ಇಟ್ಟಳು.

ನಾನು ಕಿರುಚಿದ ಸದ್ದಿಗೆ ನಾಲ್ಕೂ ಹಕ್ಕಿಗಳು ಹಾರಿದವು.

ಓಡಿ ಬಂದು ಕೆಟಲ್ ಎತ್ತಿದೆ. ಪ್ಲಾಸ್ಟಿಕ್ಕು ಹಪ್ಪಳದ ಹಾಗೆ ಉಬ್ಬಿತ್ತು. ಅದರ ಕೆಳಗೆ ಕಾಗದದ ಮೇಲೆ ಕಂದು ಬಣ್ಣದ ದುಂಡನೆಯ ಗುರುತು.

“ಅಯ್ಯೋ ದೇವರೇ, ನಾನು ಮೇಜಿನ ಹಾಳೆ ಅಂತ...” ಅಂದಳು ಅಕ್ಕ.

“ನಿನಗೆ ಎಲ್ಲಿಂದ ಗೊತ್ತಾಗಬೇಕು?” ಅಂದೆ. “ಓದಿದವರ ಕಾಗದ ಅಂದ್ರೆ ಎಂತ ಅಂತ ಏಳನೇ ಕ್ಲಾಸಿಗೆ ಹೇಗೆ ಗೊತ್ತಾಗ್ತದೆ?”

ಬಾಯಿಂದ ಬಿದ್ದ ಮೇಲೆ ನನಗೇ ಕೇಳಿಸಿತು. ಅಕ್ಕ ಏಳನೆಯಲ್ಲಿ ಶಾಲೆ ಬಿಟ್ಟವಳು. ಯಾಕೆ ಬಿಟ್ಟಳು ಅಂದರೆ ಅಮ್ಮನ ಜತೆ ಬೀಡಿ ಕಟ್ಟಲು ಇನ್ನೊಂದು ಜತೆ ಕೈ ಬೇಕಿತ್ತು, ಮತ್ತು ಆ ಕೈ ನನ್ನದಾಗಬಾರದು ಎಂದು ಅವಳೇ ಹೇಳಿದ್ದಳು. ಕ್ಲಾಸಿಗೆ ಫಸ್ಟ್ ಬರುತ್ತಿದ್ದವಳು ಅವಳು. ಅಕ್ಕ ನನ್ನ ಕೈಯಿಂದ ಕೆಟಲ್ ತೆಗೆದುಕೊಂಡಳು. ಚಾ ಬಗ್ಗಿಸಿ ಎಲ್ಲರಿಗೂ ಕೊಟ್ಟಳು, ನನಗೂ. ಸಕ್ಕರೆ ಸರಿಯಾಗಿಯೇ ಇತ್ತು. ಅದೇ ಹೆಚ್ಚು ಚುಚ್ಚಿತು.

ಜರಾದ, ನೀರು ಏರುವಾಗ

ಗಲಾಟೆ ಕೇಳಿ ಬೂ ಜಾಸಿಮ್ ಬಂದರು. ಭಾವ ಹಿಂದಿಯಲ್ಲಿ ಎಲ್ಲ ವಿವರಿಸಿದರು: ಅಪ್ಪ, ಪ್ಲಾಸ್ಟಿಕ್ಕು, ಮೊಹರು, ಶನಿವಾರ. ಮುದುಕ ಸರ್ಟಿಫಿಕೇಟನ್ನು ಎತ್ತಿ ಉಬ್ಬಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ಬಹಳ ಹೊತ್ತು ಸವರಿದರು.

“ಬರಹ ಯಾವ ಕಡೆ?”

“ಆ ಕಡೆ.”

“ಮೊಹರು?”

“ಈ ಕಡೆ.”

“ಹಾಗಾದರೆ ಬರಹದ ಕಡೆ ಮುಟ್ಟುವುದು ಬೇಡ. ಈ ಕಡೆಯದು ಮಾತ್ರ ಸುಲಿಯೋಣ.”

ಬಹರೈನಿನ ಹಳೆಯ ಕಾಲದ ಮುತ್ತಿನ ವಿಷಯ ನನಗೆ ಆಗ ತಿಳಿಯಿತು. ಮುತ್ತಿನ ಮೇಲೆ ಕಲೆ ಇದ್ದರೆ ಅದನ್ನು ಎಸೆಯುತ್ತಿರಲಿಲ್ಲವಂತೆ. ಮುತ್ತಿಗೂ ಈರುಳ್ಳಿಯ ಹಾಗೆ ಪದರಗಳು. ಸಣ್ಣ ಚೂರಿಯಿಂದ ಮೇಲಿನ ಒಂದೇ ಒಂದು ಪದರ ಸುಲಿಯುವ ಕೆಲಸಗಾರರಿದ್ದರು. ಕೆಳಗೆ ಹೊಳೆಯುವ ಮುತ್ತು ಸಿಗಬಹುದು, ಸಿಗದೆಯೂ ಹೋಗಬಹುದು. ಬೂ ಜಾಸಿಮರ ಅಪ್ಪ ಅಂಥವರು. ಮಗನಿಗೂ ಕಲಿಸಿದ್ದರು. ಅಷ್ಟರಲ್ಲಿ ಮುತ್ತಿನ ವ್ಯಾಪಾರವೇ ಮುಳುಗಿತು, ಮಗ ದೋಣಿ ಹಿಡಿದರು. ಆದರೆ ಚೂರಿ ಮಾತ್ರ ದೋಣಿಯ ಪೆಟ್ಟಿಗೆಯಲ್ಲಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇತ್ತು. ನಮ್ಮ ಕಿರುಬೆರಳಿಗಿಂತ ಚಿಕ್ಕದು.

“ಒಳಗೆ ಏನುಂಟು ಅಂತ ಸುಲಿಯುವವನಿಗೂ ಗೊತ್ತಿರುವುದಿಲ್ಲ” ಅಂದರು. “ಹಾಳಾದರೆ ನನ್ನನ್ನು ಬೈಯಬಾರದು. ಸುಲಿಯಲಾ?”

ಎಲ್ಲರೂ ನನ್ನ ಮುಖ ನೋಡಿದರು. ಹೂಂ ಅಂದೆ. 

ದೋಣಿಯಲ್ಲಿ ಆಗದು, ಅದು ಅಲುಗುತ್ತದೆ. ಗಟ್ಟಿ ನೆಲವೇ ಬೇಕು. ಆದರೆ ಆ ಗಟ್ಟಿ ನೆಲವೇ ಹೊರಡುವ ಹೊತ್ತಾಗಿತ್ತು! ನೀರು ಆಗಲೇ ಆಟದ ಬಯಲನ್ನು ವಾಲಿಬಾಲ್ ಕೋರ್ಟು ಮಾಡಿತ್ತು. ಎತ್ತರದ ಜಾಗದಲ್ಲಿ ಐಸ್ ಪೆಟ್ಟಿಗೆ ಇಟ್ಟು, ಅದರ ಮೇಲೆ ಅಕ್ಕ ತರಕಾರಿ ಹೆಚ್ಚಲು ತಂದ ಹಲಗೆ ಇಟ್ಟು, ಹಲಗೆಯ ಮೇಲೆ ಸರ್ಟಿಫಿಕೇಟು ಇಟ್ಟರು. ಮುದುಕ ಕೆಟಲ್‌ನಿಂದಾದ ಉಬ್ಬಿಗೆ ಚೂರಿಯ ತುದಿ ತಾಗಿಸಿ, ಒಂದು ಎಳೆ ಎತ್ತಿದರು.

“ಇಲ್ಲಿಂದ ಬಾಗಿಲು ತೆರೆದಿದೆ. ಕೆಟಲ್ ಇಟ್ಟದ್ದು ಯಾರು?”

“ನಾನು” ಅಂದಳು ಅಕ್ಕ, ಮೆಲ್ಲಗೆ.

“ನೀನು ಇಡದಿದ್ದರೆ ಚೂರಿ ಒಳಗೆ ಹೋಗುತ್ತಿರಲಿಲ್ಲ.”

ನಾನು ಮರಳು ನೋಡಿದೆ. ನೋಡಲು ಮರಳೂ ಹೆಚ್ಚು ಉಳಿದಿರಲಿಲ್ಲ.

ಕಷ್ಟ ಮುಂದೆ ಇತ್ತು. ಎದ್ದ ಪ್ಲಾಸ್ಟಿಕ್ಕನ್ನು ಯಾರಾದರೂ ಒಂದೇ ಸಮನೆ ಎಳೆದು ಹಿಡಿಯಬೇಕು. ಬಿಗಿ ಹೆಚ್ಚಾದರೆ ಕಾಗದ ಹರಿಯುತ್ತದೆ, ಕಡಿಮೆಯಾದರೆ ಮತ್ತೆ ಅಂಟುತ್ತದೆ. ಲಾರೆನ್ಸಣ್ಣ ಹಿಡಿದರು, ಬಿಗಿ ಹೆಚ್ಚಾಯಿತು, ಮುದುಕ ಗದರಿದರು. ನಾನು ಹಿಡಿದೆ, ಸಡಿಲಾಗಿ ಮತ್ತೆ ಅಂಟಿತು. ಭಾವ ತಾವಾಗಿಯೇ ಎರಡು ಹೆಜ್ಜೆ ಹಿಂದೆ ಸರಿದರು.

ಅಕ್ಕ ಕೈ ಒರೆಸಿಕೊಂಡು ಮುಂದೆ ಬಂದಳು. ಊಟದ ಚೀಲದಲ್ಲಿದ್ದ ಕಬಾಬಿನ ಕಡ್ಡಿಯೊಂದನ್ನು ತೆಗೆದುಕೊಂಡು, ಎದ್ದ ಪ್ಲಾಸ್ಟಿಕ್ಕಿನ ತುದಿಯನ್ನು ಅದಕ್ಕೆ ಸುತ್ತಿ, ಬೆರಳ ತುದಿಯಲ್ಲಿ ಮೆಲ್ಲ ಉರುಳಿಸಿದಳು. ಬೀಡಿ ಎಲೆ ಉರುಳಿಸುವ ಅದೇ ಬೆರಳು. ಮುದುಕರ ಚೂರಿ ಒಂದು ಎಳ್ಳಿನಷ್ಟು ಮುಂದೆ ಹೋದರೆ ಅಕ್ಕನ ಕಡ್ಡಿ ಒಂದು ಎಳ್ಳಿನಷ್ಟು ಉರುಳುತ್ತಿತ್ತು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬೇಕಾಗಲಿಲ್ಲ.

“ಶ್ವಯ್ಯ, ಶ್ವಯ್ಯ” ಅನ್ನುತ್ತಿದ್ದರು ಮುದುಕ. ಮೆಲ್ಲ, ಮೆಲ್ಲ.

ಅಂಟು ಬಿಗಿಯಾದಲ್ಲಿ ಕೆಟಲನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಒಂದು ಕ್ಷಣ ತಾಗಿಸುವುದು ನನ್ನ ಪಾಲಿನ ಕೆಲಸ. ನೀರು ಪಾದಕ್ಕೆ ಬಂತು. ಚಾಪೆ ತೇಲಿತು, ಭಾವ ಹಿಡಿದರು. ಪುಂಡಿಯ ಪಾತ್ರೆ ತೇಲಿತು, ಲಾರೆನ್ಸಣ್ಣ ಹಿಡಿದರು. ಸ್ಟವ್ವನ್ನು ತಲೆಯ ಮೇಲೆ ಹೊತ್ತು ನಿಂತರು.

ಅದೇ ಹೊತ್ತಿಗೆ ದೂರದಲ್ಲಿ ಒಂದು ಪಹರೆ ದೋಣಿ ಕಾಣಿಸಿತು. ಯಾವ ದೇಶದ್ದೋ ತಿಳಿಯಲಿಲ್ಲ. ಅದು ನಿಧಾನವಾಯಿತು. ಯಾರೋ ದುರ್ಬೀನು ಹಿಡಿದರು. ಅವರಿಗೆ ಕಂಡದ್ದನ್ನು ನೀವೂ ಊಹಿಸಿಕೊಳ್ಳಿ: ನಡು ಸಮುದ್ರದಲ್ಲಿ, ದೋಣಿಯಿಂದ ದೂರ, ನೀರಿನ ಮೇಲೆ ಐದು ಜನ ನಿಂತಿದ್ದಾರೆ. ಒಬ್ಬರ ತಲೆಯ ಮೇಲೆ ಸ್ಟವ್ವು. ಒಬ್ಬರ ಕೈಯಲ್ಲಿ ಸುರುಳಿ ಚಾಪೆ. ಉಳಿದವರು ಪೆಟ್ಟಿಗೆಯ ಸುತ್ತ ಬಗ್ಗಿ ಏನೋ ಮಾಡುತ್ತಿದ್ದಾರೆ.

“ಕೈ ಬೀಸುವುದಾ?” ಅಂದರು ಲಾರೆನ್ಸಣ್ಣ.

“ಬೀಸಬೇಡಿ ಮಾರಾಯ್ರೆ,” ಅಂದರು ಭಾವ, “ಸ್ಟವ್ವು ಬಿದ್ದೀತು.”

ಪಹರೆ ದೋಣಿ ಸ್ವಲ್ಪ ಹೊತ್ತು ನೋಡಿ, ವರದಿಯಲ್ಲಿ ಏನು ಬರೆಯುವುದೆಂದು ತೋಚದೆಯೋ ಏನೋ, ಹೊರಟುಹೋಯಿತು.

ನೀರು ಮೊಣಕಾಲಿನ ಹತ್ತಿರ ಬಂದಾಗ ಕೊನೆಯ ಮೂಲೆ ಬಿಟ್ಟಿತು. ಅಕ್ಕನ ಕಡ್ಡಿಯಲ್ಲಿ ಪ್ಲಾಸ್ಟಿಕ್ಕು ದಪ್ಪ ಬೀಡಿಯ ಹಾಗೆ ಸುತ್ತಿಕೊಂಡಿತ್ತು. ಮುದುಕ ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಹಿಂದೆ ಬರೀ ಕಾಗದ, ಒಣ ಕಾಗದ. ಮುಂದೆ ಅಪ್ಪನ ಹೊಳಪು ಹಾಗೆಯೇ.

“ಖಲಾಸ್” ಅಂದರು. ಮುಗಿಯಿತು.

ಬದಲಾಗಿ ಏನು ಕೊಡಲಿ ಎಂದು ಭಾವ ಕೇಳಿದ್ದಕ್ಕೆ ಉಳಿದ ಪುಂಡಿ ತೋರಿಸಿದರು. ದೋಣಿ ಹತ್ತಿ ತಿರುಗಿ ನೋಡಿದಾಗ ದ್ವೀಪ ಇರಲಿಲ್ಲ. ಹಸಿರು ನೀರು, ಅಷ್ಟೆ.

ದಾರಿಯಲ್ಲಿ ಅಕ್ಕನ ಪಕ್ಕ ಕೂತೆ. ಹೇಳಬೇಕೆಂದು ಕಟ್ಟಿಕೊಂಡ ಮಾತು ಇಂಜಿನಿನ ಸದ್ದಿನಲ್ಲಿ ಸರಿಯಾಗಿ ಬರಲಿಲ್ಲ. “ಏಳನೇ ಕ್ಲಾಸು ಅಂದದ್ದು ತಪ್ಪಾಯ್ತು ಅಕ್ಕ” ಅಂದೆ.

“ಎಂತ? ಕೇಳ್ಲಿಲ್ಲ.”

ಇನ್ನೊಮ್ಮೆ ಜೋರಾಗಿ ಹೇಳಿದೆ. ಅವಳಿಗೆ ಮೊದಲ ಸಲವೇ ಕೇಳಿಸಿತ್ತು ಅಂತ ಅವಳ ನಗುವಿನಲ್ಲಿ ಗೊತ್ತಾಯಿತು.

ಶನಿವಾರ, ಮತ್ತೆ ಈಸಾ ಟೌನ್

ಅಕ್ಕನನ್ನೂ ಕರೆದುಕೊಂಡು ಹೋದೆ. ಬಾಗಿಲಲ್ಲೇ ನಿಲ್ಲುತ್ತೇನೆ ಅಂದವಳನ್ನು ಕೈ ಹಿಡಿದು ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸಿದೆ.

ಕುರಿಯನ್ ಸಾರ್ ಸರ್ಟಿಫಿಕೇಟನ್ನು ಮುಂದೆ ನೋಡಿದರು, ಹಿಂದೆ ನೋಡಿದರು, ಮತ್ತೆ ಮುಂದೆ ನೋಡಿದರು. ಹಿಂಬದಿಯ ಮೂಲೆಯಲ್ಲಿ ಪೆನ್ನಿನಿಂದ ಒಂದು ಸಣ್ಣ ಚುಕ್ಕೆ ಇಟ್ಟು ಬೆರಳಿನಿಂದ ಉಜ್ಜಿದರು. ಶಾಯಿ ನಿಂತಿತು. ತಲೆಯಾಡಿಸಿ, ಉಳಿದ ಟೀಚರುಗಳ ಕಾಗದದ ಕಟ್ಟಿಗೆ ಸೇರಿಸಹೊರಟವರು ಮತ್ತೆ ತಡೆದು, ಕನ್ನಡಕ ಸರಿಮಾಡಿಕೊಂಡು, ಕಾಗದದ ಮಧ್ಯದಲ್ಲಿದ್ದ ಕಂದು ಬಣ್ಣದ ದುಂಡು ಗುರುತನ್ನು ನೋಡಿದರು.

“ಇದರ ಮೇಲೆ ಆಗಲೇ ಒಂದು ಮೊಹರು ಬಿದ್ದಿದೆಯಲ್ಲ ಟೀಚರ್? ಇದು ಯಾವ ಆಫೀಸಿನದ್ದು?”

“ನಮ್ಮ ಅಕ್ಕನದ್ದು ಸಾರ್” ಅಂದೆ.